ಚರ್ಮದ ಚೀಲದ ತಯಾರಿಕೆ: ಹವ್ಯಾಸಕ್ಕೆಂದು ಯಂತ್ರ ಕೊಳ್ಳುವ ಮುನ್ನ

ಮೈಸೂರು ಜಿಲ್ಲೆಯ ಹುಣಸೂರನ್ನು ಇಂದು ತಂಬಾಕಿನ ಹರಾಜು ಮಾರುಕಟ್ಟೆಯಾಗಿ ಬಲ್ಲವರೇ ಹೆಚ್ಚು. ಲಕ್ಷ್ಮಣತೀರ್ಥ ನದಿಯ ದಡದ ಈ ಪಟ್ಟಣ ಒಂದು ಕಾಲಕ್ಕೆ ಚರ್ಮದ ಸರಕಿಗೆ ಹೆಸರಾಗಿತ್ತೆಂಬ ಸಂಗತಿ ಅಲ್ಲಿನ ವರ್ತಕರಲ್ಲಿಯೂ ಅನೇಕರಿಗೆ ತಿಳಿದಿರಲಾರದು. ಅಮೃತಮಹಲ್ ರಾಸುಗಳ ಪಾಲನೆಯು ಶ್ರೀರಂಗಪಟ್ಟಣದ ಪತನಾನಂತರ ಕಾಲಕ್ರಮೇಣ ಬ್ರಿಟಿಷರ ಕೈಸೇರಿದಾಗ ಅದರ ಕೇಂದ್ರವಾದುದು ಹುಣಸೂರು. ಅದಕ್ಕೆ ಹೊಂದಿಕೊಂಡಂತೆ ಮದರಾಸು ಸೈನ್ಯದ ಸರಬರಾಜು ಇಲಾಖೆಯು ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆಯನ್ನೂ ಕಂಬಳಿಯ ಕಾರ್ಖಾನೆಯನ್ನೂ ಮರಮುಟ್ಟಿನ ಅಂಗಳವನ್ನೂ ನಡೆಸುತ್ತಿತ್ತು. ಸೈನಿಕರ ಬೂಟು, ಬೆನ್ನುಚೀಲ, ತೋಟಾ ಚೀಲ ಮೊದಲಾದವು ಇಲ್ಲಿ ತಯಾರಾಗುತ್ತಿದ್ದವು. 1864ರಲ್ಲಿ ಸರ್ಕಾರಿ ಕಾರ್ಖಾನೆಗಳು ಮುಚ್ಚಿದವು. ಆದರೆ ಅಲ್ಲಿ ತರಬೇತಾದ ಸ್ಥಳೀಯರು ಕಸುಬನ್ನು ಕೈಬಿಡದೆ ಖಾಸಗಿಯಾಗಿ ಮುಂದುವರಿಸಿದರೆಂದು ಅಂದಿನ ಗೆಜೆಟಿಯರುಗಳು ದಾಖಲಿಸಿವೆ. ಕಟ್ಟಡ ಹೋದರೂ ಕೈಕೆಲಸ ಉಳಿಯಿತು.

ಈಗ ಚರ್ಮದ ಚೀಲದ ತಯಾರಿಕೆ ಬೇರೊಂದು ಬಾಗಿಲಿನಿಂದ ಮನೆಗಳನ್ನು ಪ್ರವೇಶಿಸುತ್ತಿದೆ. ನಿವೃತ್ತರು, ಗೃಹಿಣಿಯರು, ನೌಕರಿಯಲ್ಲಿದ್ದೂ ಬಿಡುವಿನ ವೇಳೆಯಲ್ಲಿ ಕೈಕೆಲಸ ಮಾಡಬಯಸುವವರು ಇದನ್ನು ಹವ್ಯಾಸವಾಗಿ ಕೈಗೆತ್ತಿಕೊಳ್ಳುತ್ತಿದ್ದಾರೆ. ಹವ್ಯಾಸದಿಂದ ಉದ್ಯಮ ಬೆಳೆದ ಉದಾಹರಣೆ ದೂರದ್ದೇನಲ್ಲ. ಪುದುಚೇರಿಯ ಹೈಡಿಸೈನ್ ಸಂಸ್ಥೆಯನ್ನು ದಿಲೀಪ್ ಕಪೂರ್ ಅವರು 1978ರಲ್ಲಿ ಹವ್ಯಾಸವಾಗಿಯೇ, ಇಬ್ಬರು ಕೂತು ಕೆಲಸ ಮಾಡುವಷ್ಟು ಚಿಕ್ಕ ಕಾರ್ಯಾಗಾರದಲ್ಲಿ ಆರಂಭಿಸಿದರು. ಇಂದು ಅದು ಅನೇಕ ದೇಶಗಳಲ್ಲಿ ಮಾರಾಟವಾಗುವ ಚರ್ಮದ ಚೀಲದ ಹೆಸರು. ಇಂತಹ ಉದಾಹರಣೆಗಳು ಉತ್ಸಾಹ ತುಂಬುತ್ತವೆ. ಉತ್ಸಾಹದ ಮೊದಲ ಫಲವೆಂದರೆ ಬಹುಮಟ್ಟಿಗೆ ಒಂದು ಯಂತ್ರದ ಖರೀದಿ. ತಂಬಾಕು ಹರಾಜಿನ ಹಣ ಕೈಗೆ ಬಂದ ತಿಂಗಳಲ್ಲಿ ಕೊಂಡ ಯಂತ್ರ ಮುಂದಿನ ಹಂಗಾಮಿನ ಹೊತ್ತಿಗೆ ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತರೆ ಅದು ಆ ಕುಟುಂಬದ ನಷ್ಟ ಮಾತ್ರವಲ್ಲ. ಸೂಜಿ, ದಾರ, ಜಿಪ್, ಬಕಲುಗಳ ಮುಂದಿನ ವ್ಯಾಪಾರವನ್ನು ನಿರೀಕ್ಷಿಸಿದ ವರ್ತಕನಿಗೂ ಅದು ನಷ್ಟವೇ. ಆದುದರಿಂದ ಯಂತ್ರವು ಈ ಕೆಲಸದಲ್ಲಿ ಎಷ್ಟು ಪಾಲನ್ನು ಮಾಡುತ್ತದೆ, ಎಷ್ಟನ್ನು ಮಾಡುವುದಿಲ್ಲ ಎಂಬುದನ್ನು ಕೊಳ್ಳುವವರೂ ಮಾರುವವರೂ ಮೊದಲೇ ಅರಿಯುವುದು ಲೇಸು.

ಬಟ್ಟೆಯ ಯಂತ್ರವೇಕೆ ಸಾಲದು

ಮನೆಯ ಹೊಲಿಗೆ ಯಂತ್ರದಲ್ಲಿ ಬಟ್ಟೆಯನ್ನು ಮುಂದಕ್ಕೆ ತಳ್ಳುವುದು ಕೆಳಗಿನ ಹಲ್ಲುಪಟ್ಟಿ ಮಾತ್ರ. ಮೇಲಿನ ಪಾದವು ಬಟ್ಟೆಯನ್ನು ಒತ್ತಿಹಿಡಿಯುತ್ತದೆಯೇ ಹೊರತು ಚಲಿಸುವುದಿಲ್ಲ. ಬಟ್ಟೆ ಜಾರುವ ವಸ್ತುವಾದ್ದರಿಂದ ಇಷ್ಟು ಸಾಕು. ಚರ್ಮದ ಮೇಲ್ಮೈ ಲೋಹದ ಪಾದಕ್ಕೆ ಅಂಟಿದಂತೆ ಹಿಡಿಯುತ್ತದೆ. ಕೆಳಪದರ ಮುಂದಕ್ಕೆ ಸಾಗಿ ಮೇಲ್ಪದರ ಹಿಂದುಳಿಯುವುದರಿಂದ, ಸರಿಯಾಗಿ ಕತ್ತರಿಸಿದ ಎರಡು ತುಂಡುಗಳೂ ಹೊಲಿಗೆ ಮುಗಿಯುವ ವೇಳೆಗೆ ಒಂದಕ್ಕಿಂತ ಒಂದು ಉದ್ದವಾಗಿ ಕಾಣತೊಡಗುತ್ತವೆ. ಟೆಫ್ಲಾನ್ ಪಾದ ಅಥವಾ ಉರುಳೆ ಪಾದವನ್ನು ಅಳವಡಿಸಿದರೆ ತೆಳುವಾದ ಆಡಿನ ಚರ್ಮದ ಪರ್ಸು, ಕನ್ನಡಕದ ಚೀಲಗಳನ್ನು ಮನೆಯ ಯಂತ್ರದಲ್ಲಿಯೇ ಹೊಲಿಯಬಹುದು. ಹೆಗಲಚೀಲದ ಪಟ್ಟಿ ಸೇರುವ ಜಾಗದಲ್ಲಿ ನಾಲ್ಕು ಪದರಗಳು ಕೂಡುತ್ತವೆ. ಅಲ್ಲಿ ಮನೆಯ ಯಂತ್ರದ ಮೋಟಾರು ಸೋಲುತ್ತದೆ ಅಥವಾ ಸೂಜಿ ಮುರಿಯುತ್ತದೆ.

ಚೀಲದ ಕೆಲಸಕ್ಕೆ ತಕ್ಕುದು 'ವಾಕಿಂಗ್ ಫೂಟ್' ಯಂತ್ರ, ಅದರಲ್ಲಿಯೂ ಕಾಂಪೌಂಡ್ ಫೀಡ್ ಎಂದು ಕರೆಯುವ ಬಗೆ. ಇದರಲ್ಲಿ ಸೂಜಿ, ಒಳಪಾದ ಹಾಗೂ ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಹೆಜ್ಜೆಯಿಡುತ್ತವೆ. ಸೂಜಿಯು ಚರ್ಮದೊಳಗಿರುವಾಗಲೇ ಪದರಗಳೆಲ್ಲವೂ ಸಮನಾಗಿ ಮುಂದೆ ಸರಿಯುತ್ತವೆ. ಮೇಜಿನಂತೆ ಸಮತಟ್ಟಾದ ತಳವಿರುವ ಯಂತ್ರವು ಚಪ್ಪಟೆ ತುಂಡುಗಳಿಗೆ ಸರಿ. ಪೂರ್ಣ ಜೋಡಿಸಿದ ಚೀಲದ ಬಾಯಿಯಂಚನ್ನೋ ಕೆಳಮೂಲೆಯನ್ನೋ ಹೊಲಿಯಲು ತೋಳಿನಾಕಾರದ ತಳವಿರುವ ಯಂತ್ರ ಬೇಕು. ಎರಡನ್ನೂ ಕೊಳ್ಳುವುದು ಹವ್ಯಾಸಿಗೆ ಆಗದ ಮಾತು. ಒಂದನ್ನೇ ಆರಿಸಬೇಕಾದಲ್ಲಿ, ತಯಾರಿಸಲಿರುವ ಚೀಲದ ವಿನ್ಯಾಸವನ್ನು ಮೊದಲು ನಿರ್ಧರಿಸಿ, ಆ ಬಳಿಕ ಯಂತ್ರವನ್ನು ನೋಡುವುದು ಕ್ರಮ. ಅನೇಕರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ.

ಮೋಟಾರಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಹಳೆಯ ಕಾರ್ಖಾನೆ ಯಂತ್ರಗಳೊಂದಿಗೆ ಬರುವ ಕ್ಲಚ್ ಮೋಟಾರು ಸದಾ ತಿರುಗುತ್ತಲೇ ಇದ್ದು, ಪೆಡಲನ್ನು ಒತ್ತಿದೊಡನೆ ನಾಗಾಲೋಟ ಕೀಳುತ್ತದೆ. ಅನುಭವಿ ಕೆಲಸಗಾರ ಅದನ್ನು ಪಾದದ ಮೆದು ಒತ್ತಡದಿಂದ ಹಿಡಿತದಲ್ಲಿಟ್ಟುಕೊಳ್ಳಬಲ್ಲ. ಹೊಸಬನಿಗೆ ಅದು ಸಾಧ್ಯವಿಲ್ಲ. ವೇಗವನ್ನು ಮಿತಿಗೊಳಿಸಬಹುದಾದ ಸರ್ವೋ ಮೋಟಾರು ಹವ್ಯಾಸಿಗಳಿಗೆ ತಕ್ಕುದು. ಅದು ನಿಂತಾಗ ವಿದ್ಯುತ್ತನ್ನೂ ಅಷ್ಟಾಗಿ ಬಳಸುವುದಿಲ್ಲ. ವಿದ್ಯುತ್ ಕಡಿತ ಸಾಮಾನ್ಯವಾಗಿರುವ ಕಾಡಂಚಿನ ಊರುಗಳಲ್ಲಿ, ಚಮ್ಮಾರರ ಅಂಗಡಿಗಳಲ್ಲಿ ಕಾಣುವ ಕೈಚಕ್ರದ ಪ್ಯಾಚ್ ಯಂತ್ರವನ್ನು ಮರೆಯಬಾರದು. ಅದರ ಪಾದವು ಎಲ್ಲ ದಿಕ್ಕಿಗೂ ತಿರುಗುವುದರಿಂದ ಚೀಲವನ್ನು ತಿರುಗಿಸದೆ ಹೊಲಿಯಬಹುದು. ಬಾಬಿನ್ ಚಿಕ್ಕದು, ಕೆಲಸ ನಿಧಾನ. ಆದರೆ ನಿಧಾನವೆಂಬುದು ಹವ್ಯಾಸಿಗೆ ದೋಷವಲ್ಲ.

ಸೂಜಿ, ದಾರ, ಹೊಲಿಗೆಯ ಅಳತೆ

ಚರ್ಮಕ್ಕೆ ಕ್ಷಮೆಯಿಲ್ಲ. ಬಟ್ಟೆಯಲ್ಲಿ ತಪ್ಪಿದ ಹೊಲಿಗೆಯನ್ನು ಬಿಚ್ಚಿದರೆ ನೂಲುಗಳು ಸರಿದು ರಂಧ್ರ ಮುಚ್ಚುತ್ತದೆ. ಚರ್ಮದಲ್ಲಿ ಸೂಜಿಯ ತೂತು ಹಾಗೆಯೇ ಉಳಿಯುತ್ತದೆ. ಈ ಕಾರಣದಿಂದಲೇ ಗುಂಡುಪಿನ್ನು ಚುಚ್ಚಿ ತುಂಡುಗಳನ್ನು ಜೋಡಿಸುವ ದರ್ಜಿಗಳ ಪದ್ಧತಿ ಇಲ್ಲಿ ನಡೆಯದು. ಅಂಟು, ಎರಡು ಬದಿಯ ಟೇಪು ಅಥವಾ ಕ್ಲಿಪ್ಪುಗಳಿಂದ ಹಿಡಿಸಿಕೊಂಡು ಹೊಲಿಯಬೇಕು. ಹೊಲಿಗೆಯ ಉದ್ದ ಚೀಲಗಳಿಗೆ 3ರಿಂದ 4 ಮಿಲಿಮೀಟರ್ ಇರಲಿ. ಹತ್ತಿರ ಹತ್ತಿರ ಹೊಲಿದಷ್ಟೂ ಗಟ್ಟಿಯೆಂಬ ನಂಬಿಕೆ ತಪ್ಪು. ಅಂಚೆಚೀಟಿಗಳ ನಡುವಿನ ತೂತಿನ ಸಾಲಿನಂತೆ ಚರ್ಮವು ಅದೇ ಗೆರೆಯಲ್ಲಿ ಹರಿದುಹೋಗುತ್ತದೆ.

ದಾರವು ಬಾಂಡೆಡ್ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಬೇಕು. ಹತ್ತಿಯ ದಾರ ಬೆವರು, ಮಳೆಗಳಿಗೆ ಕೊಳೆಯುತ್ತದೆ. 69ನೇ ನಂಬರಿನ ದಾರಕ್ಕೆ 18ನೇ ನಂಬರಿನ ಸೂಜಿಯೂ, ದಪ್ಪನೆಯ 138ನೇ ನಂಬರಿನ ದಾರಕ್ಕೆ 22 ಅಥವಾ 23ನೇ ನಂಬರಿನ ಸೂಜಿಯೂ ಹೊಂದುತ್ತವೆ. ಸೂಜಿ ಕೊಳ್ಳುವಾಗ ಮೊನೆಯನ್ನು ಗಮನಿಸಬೇಕು. ಬಟ್ಟೆಯ ಸೂಜಿಯ ದುಂಡು ಮೊನೆ ನೂಲುಗಳ ನಡುವೆ ದಾರಿ ಮಾಡಿಕೊಳ್ಳುವಂತಹುದು. ಚರ್ಮದ ಸೂಜಿಯ ಮೊನೆ ಅಲಗಿನಂತೆ ಕೊಯ್ದು ಹೋಗುತ್ತದೆ. ವಾಕಿಂಗ್ ಫೂಟ್ ಯಂತ್ರಗಳಲ್ಲಿ ಬಳಕೆಯಲ್ಲಿರುವ ಸೂಜಿಗಳ ಪೈಕಿ 135×17 ಎಂಬುದು ಬಟ್ಟೆಯ ಮೊನೆಯದು, 135×16 ಎಂಬುದು ಚರ್ಮದ ಮೊನೆಯದು. ಒಂದೇ ಅಂಕಿಯ ವ್ಯತ್ಯಾಸ. ಅಂಗಡಿಯವರು ಈ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಗಿರಾಕಿಯನ್ನು ಕೇಳಿ ಕೊಟ್ಟರೆ ಎಷ್ಟೋ ಯಂತ್ರಗಳು 'ಕೆಟ್ಟಿವೆ' ಎಂಬ ದೂರಿನೊಂದಿಗೆ ಮರಳಿ ಬರುವುದು ತಪ್ಪುತ್ತದೆ.

ಒಂದು ಚೀಲದ ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ ಸಾಮಾನ್ಯ ಅಳತೆಯ ಒಂದು ಕೈಚೀಲವನ್ನು ಪರಿಗಣಿಸಬಹುದು. ಇಲ್ಲಿನ ದರಗಳು ಉದಾಹರಣೆಗೆ ಮಾತ್ರ. ಓದುಗರು ತಮ್ಮ ಊರಿನ ದರಗಳನ್ನು ಹಾಕಿ ನೋಡಬೇಕು. ನಮೂನೆಯ ತುಂಡುಗಳ ಒಟ್ಟು ವಿಸ್ತೀರ್ಣ 6 ಚದರ ಅಡಿ ಎಂದಿಟ್ಟುಕೊಳ್ಳೋಣ. ಚರ್ಮವು ಬಟ್ಟೆಯ ಥಾನಿನಂತೆ ಚೌಕಾಕಾರವಾಗಿರುವುದಿಲ್ಲ. ಹೊಟ್ಟೆಯ ಭಾಗ ಸಡಿಲ, ಕುತ್ತಿಗೆಯಲ್ಲಿ ಸುಕ್ಕು, ಅಲ್ಲಲ್ಲಿ ಉಣ್ಣೆಹುಳು ಕಚ್ಚಿದ ಕಲೆ, ಬರೆಯ ಗುರುತು, ಚಾಕು ತಗುಲಿದ ತೂತು. ಇವನ್ನೆಲ್ಲ ಬಿಟ್ಟು ಕತ್ತರಿಸುವಾಗ ನಾಲ್ಕನೆಯ ಒಂದು ಪಾಲು ವ್ಯರ್ಥವಾದರೆ 8 ಚದರ ಅಡಿ ಕೊಳ್ಳಬೇಕಾಗುತ್ತದೆ. ಚದರ ಅಡಿಗೆ 120 ರೂ.ನಂತೆ 960 ರೂ. ಒಳಪದರ, ಜಿಪ್, ಬಕಲು, ದಾರ, ಅಂಟುಗಳಿಗೆ 250 ರೂ.

ಇನ್ನು ಶ್ರಮ. ಕತ್ತರಿಸಲು ಒಂದೂವರೆ ಗಂಟೆ, ಅಂಚುಗಳನ್ನು ತೆಳುವಾಗಿ ಹೆರೆಯಲು 1 ಗಂಟೆ, ಹೊಲಿಗೆಗೆ ಒಂದೂವರೆ ಗಂಟೆ, ಅಂಚನ್ನು ಉಜ್ಜಿ ಬಣ್ಣ ಹಚ್ಚಿ ನುಣುಪುಗೊಳಿಸಲು 2 ಗಂಟೆ, ಬಕಲು ರಿವೆಟ್ಟುಗಳಿಗೆ 1 ಗಂಟೆ. ಒಟ್ಟು 7 ಗಂಟೆ. ಗಂಟೆಗೆ 100 ರೂ.ನಂತೆ 700 ರೂ. ಅಲ್ಲಿಗೆ 1,910 ರೂ. ಹಾಳಾಗುವ ಮಾಲಿಗೆಂದು ಶೇ. 10 ಸೇರಿಸಿದರೆ 2,101 ರೂ. ಇದೇ ಚೀಲ ಅಂಗಡಿಯಲ್ಲಿ 3,000 ರೂ.ಗೆ ಮಾರಾಟವಾಗಿ, ಅಂಗಡಿಯವರು ಶೇ. 35ರಷ್ಟು ಇಟ್ಟುಕೊಂಡರೆ ತಯಾರಕನ ಕೈಗೆ ಬರುವುದು 1,950 ರೂ. ಪ್ರತಿ ಚೀಲಕ್ಕೂ 151 ರೂ. ನಷ್ಟ. ತನ್ನ ಶ್ರಮಕ್ಕೆ ಬೆಲೆಯನ್ನೇ ಕಟ್ಟದ ಹವ್ಯಾಸಿಗೆ ಈ ನಷ್ಟ ಕಾಣುವುದಿಲ್ಲ; ಅವನಿಗೆ ಅದು 549 ರೂ. ಲಾಭವಾಗಿ ತೋರುತ್ತದೆ. ಕೆಲಸಕ್ಕೆ ಒಬ್ಬ ಸಹಾಯಕನನ್ನು ಇಟ್ಟುಕೊಂಡ ದಿನ ನಿಜ ಹೊರಬೀಳುತ್ತದೆ.

ಗಮನಿಸಬೇಕಾದ ಮುಖ್ಯಾಂಶವೆಂದರೆ, 7 ಗಂಟೆಗಳ ಕೆಲಸದಲ್ಲಿ ಯಂತ್ರದ ಮುಂದೆ ಕಳೆಯುವುದು ಒಂದೂವರೆ ಗಂಟೆ ಮಾತ್ರ. ಯಂತ್ರದ ವೇಗ ಇಮ್ಮಡಿಯಾದರೂ ಉಳಿಯುವುದು ಮುಕ್ಕಾಲು ಗಂಟೆ, ಅಂದರೆ 75 ರೂ. ಅದೇ, ನಮೂನೆಯ ತುಂಡುಗಳನ್ನು ಚರ್ಮದ ಮೇಲೆ ಜಾಣತನದಿಂದ ಹೊಂದಿಸಿ 1 ಚದರ ಅಡಿ ಉಳಿಸಿದರೆ 120 ರೂ. ಉಳಿಯುತ್ತದೆ. ಹತ್ತು ಚೀಲಗಳನ್ನು ಒಮ್ಮೆಗೇ ಕತ್ತರಿಸಿ, ಒಮ್ಮೆಗೇ ಹೆರೆದು, ಒಮ್ಮೆಗೇ ಅಂಚು ಮುಗಿಸಿದಲ್ಲಿ ಪ್ರತಿ ಚೀಲದ ಶ್ರಮ ನಾಲ್ಕೂವರೆ ಗಂಟೆಗೆ ಇಳಿಯುತ್ತದೆಂದು ಭಾವಿಸಿದರೆ, ಖರ್ಚು 1,660 ರೂ., ಶೇ. 10 ಸೇರಿ 1,826 ರೂ. ಆಗುತ್ತದೆ. ಆಗ ಅಂಗಡಿಯ ಮೂಲಕ ಮಾರಿದರೂ 124 ರೂ. ಮಿಗುತ್ತದೆ. ಲಾಭನಷ್ಟಗಳನ್ನು ನಿರ್ಧರಿಸುವುದು ಕತ್ತರಿಸುವ ಮೇಜು, ಹೊಲಿಗೆಯ ಮೇಜಲ್ಲ.

ಈ ಲೆಕ್ಕದಲ್ಲಿ ಯಂತ್ರದ ಬಂಡವಾಳ ಇನ್ನೂ ಸೇರಿಲ್ಲ. 40,000 ರೂ. ಕೊಟ್ಟು ಯಂತ್ರ ಕೊಂಡು ತಿಂಗಳಿಗೆ ಎರಡು ಚೀಲ ಮಾಡುವವರು ಐದು ವರ್ಷಗಳಲ್ಲಿ 120 ಚೀಲ ಮುಗಿಸುತ್ತಾರೆ. ಪ್ರತಿ ಚೀಲದ ಮೇಲೆ ಯಂತ್ರದ ಹೊರೆ 333 ರೂ. ಮೇಲೆ ಕಂಡ ಲಾಭವನ್ನೆಲ್ಲ ಅದೊಂದೇ ನುಂಗಿಹಾಕುತ್ತದೆ. ಸಂತೋಷಕ್ಕಾಗಿ ಮಾಡುವವರು ಇದನ್ನು ಸಂತೋಷದ ಖರ್ಚೆಂದೇ ಬರೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಬಂಡವಾಳವೆಂದು ತಿಳಿದು ಸಾಲ ಮಾಡಬಾರದು.

ಬೇರೆಯವರ ಯಂತ್ರದಲ್ಲಿ ಆರಂಭ

ತಾಲ್ಲೂಕು ಕೇಂದ್ರಗಳಲ್ಲಿ ಕಾರು, ಆಟೋ, ಬಸ್ಸುಗಳ ಸೀಟ್ ಕವರ್ ಹೊಲಿಯುವ ಅಂಗಡಿಗಳಿರುವುದು ಸಾಮಾನ್ಯ. ದಪ್ಪ ರೆಕ್ಸಿನ್ ಹೊಲಿಯಲು ಅವರಲ್ಲಿರುವ ಭಾರೀ ಯಂತ್ರವೇ ಚೀಲದ ಚರ್ಮಕ್ಕೂ ಆದೀತು. ಕತ್ತರಿಸಿ, ಹೆರೆದು, ಅಂಟಿಸಿ ಸಿದ್ಧಗೊಳಿಸಿದ ತುಂಡುಗಳನ್ನು ಅಲ್ಲಿಗೆ ಒಯ್ದು ಕೂಲಿ ಕೊಟ್ಟು ಹೊಲಿಸಿಕೊಂಡರೆ ಮೊದಲ ಇಪ್ಪತ್ತು ಮೂವತ್ತು ಚೀಲಗಳವರೆಗೆ ಯಂತ್ರದ ಅಗತ್ಯವೇ ಬೀಳುವುದಿಲ್ಲ. ಹವ್ಯಾಸ ನಿಲ್ಲುತ್ತದೆಯೋ ಬೆಳೆಯುತ್ತದೆಯೋ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ರೆಕ್ಸಿನ್ ಹೊಲಿಯುವವರು ಸೂಜಿ ಬದಲಿಸದೆ ಚರ್ಮವನ್ನೂ ಹೊಲಿದುಬಿಡುವ ಅಭ್ಯಾಸವುಳ್ಳವರಾಗಿರಬಹುದು. ಚರ್ಮದ ಸೂಜಿಯನ್ನು ಗಿರಾಕಿಯೇ ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ಸೀಟ್ ಕವರ್ ಅಂಗಡಿಯವರಿಗೂ ಇದೊಂದು ಹೊಸ ಆದಾಯದ ಮೂಲವೆಂಬುದನ್ನು ಆ ವರ್ಗದ ಉದ್ಯಮಿಗಳು ಗಮನಿಸಬಹುದು.

ಇನ್ನೊಂದು ಮಾತನ್ನೂ ಹೇಳಬೇಕು. ಚರ್ಮವನ್ನು ಹವ್ಯಾಸವಾಗಿ ಮುಟ್ಟುವ ಸ್ವಾತಂತ್ರ್ಯ ಇಂದಿನ ನಗರವಾಸಿಗಿದೆ. ಅದನ್ನೇ ಜೀವನೋಪಾಯವಾಗಿ ಮಾಡಿಕೊಂಡ ಮಾದಿಗ, ಸಮಗಾರ ಮುಂತಾದ ಸಮುದಾಯಗಳಿಗೆ ಅದೇ ಕೆಲಸ ತಲೆಮಾರುಗಳ ಕಾಲ ಅವಮಾನವನ್ನು ತಂದಿತ್ತು. ಯಾವ ಭಾಗ ಎತ್ತ ಹಿಗ್ಗುತ್ತದೆ, ರಂಪಿಗೆಯನ್ನು ಎಷ್ಟು ಓರೆಯಾಗಿ ಹಿಡಿದರೆ ಅಂಚು ಕಾಗದದಷ್ಟು ತೆಳುವಾಗುತ್ತದೆ ಎಂಬ ತಿಳಿವಳಿಕೆ ಅವರ ಬೆರಳುಗಳಲ್ಲಿದೆ. ಹವ್ಯಾಸಿಗಳು ಇದನ್ನು ಪುಸ್ತಕದಿಂದ ಕಲಿಯುವ ಬದಲು ಊರಿನ ಕಸುಬುದಾರರಿಂದ, ತಕ್ಕ ಸಂಭಾವನೆ ಕೊಟ್ಟು, ಕಲಿಯುವುದು ಎರಡು ಕಡೆಗೂ ಲಾಭಕರ. ಮೇಲಿನ ಲೆಕ್ಕದಲ್ಲಿ ಗಂಟೆಗೆ 100 ರೂ. ಎಂದು ಹಿಡಿದದ್ದು ಅವರ ಶ್ರಮಕ್ಕೂ ಅನ್ವಯಿಸುವ ದರ. ಅದನ್ನು ಇಳಿಸಿ ಲಾಭ ತೋರಿಸುವ ಉದ್ಯಮ ಹೆಚ್ಚು ದಿನ ಬಾಳದು. ಕಸುಬುದಾರರಿಗಾಗಿ 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ, ಲಿಡ್ಕರ್ ಎಂದೇ ಪರಿಚಿತವಾದ ಡಾ. ಬಾಬು ಜಗಜೀವನ್ ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಚಮ್ಮಾರಿಕೆಯೂ ಸೇರಿದ್ದು, ಉಪಕರಣಗಳಿಗೆ 15,000 ರೂ. ನೆರವೂ, ಎರಡು ಕಂತುಗಳಲ್ಲಿ 1 ಲಕ್ಷ ಹಾಗೂ 2 ಲಕ್ಷ ರೂ. ಸಾಲವು ಶೇ. 5ರ ಬಡ್ಡಿಯಲ್ಲಿಯೂ ದೊರೆಯುತ್ತದೆ. ಇದು ಕುಲಕಸುಬಿನವರಿಗಾಗಿ ಇರುವ ಯೋಜನೆ; ಹವ್ಯಾಸಿಗಳು ಇದರತ್ತ ಕಣ್ಣು ಹಾಯಿಸುವುದು ಸಲ್ಲದು.

ಚರ್ಮದ ಆಯ್ಕೆ ಹಾಗೂ ಮಳೆಗಾಲ

ಹದಮಾಡುವ ವಿಧಾನಗಳು ಮುಖ್ಯವಾಗಿ ಎರಡು. ಕ್ರೋಮ್ ಲವಣಗಳಿಂದ ಕೆಲವೇ ದಿನಗಳಲ್ಲಿ ಹದಗೊಂಡ ಚರ್ಮ ಮೆದು, ನೀರನ್ನು ಸಾಕಷ್ಟು ತಡೆಯಬಲ್ಲದು, ಬಣ್ಣಗಳ ವೈವಿಧ್ಯವೂ ಹೆಚ್ಚು. ಮರದ ತೊಗಟೆ, ಕಾಯಿಗಳಿಂದ ವಾರಗಟ್ಟಲೆ ಹದಗೊಳಿಸಿದ ಚರ್ಮ ಬಿರುಸು. ಅಂಚನ್ನು ಉಜ್ಜಿದರೆ ಹೊಳೆಯುತ್ತದೆ, ಬಳಸಿದಂತೆಲ್ಲ ಬಣ್ಣ ಕಟ್ಟುತ್ತದೆ. ದಕ್ಷಿಣ ಭಾರತದ ಈ ಹಳೆಯ ವಿಧಾನಕ್ಕೆ ಆಧಾರವಾಗಿದ್ದುದು ಮೈಸೂರು ಸೀಮೆಯ ಬಯಲುಗಳಲ್ಲಿ ತಾನಾಗಿ ಬೆಳೆಯುವ ತಂಗಡಿ ಗಿಡದ ತೊಗಟೆ ಮತ್ತು ಅಳಲೆಕಾಯಿ. ಹೆಗಲಪಟ್ಟಿಗೆ ತೊಗಟೆಯ ಹದವೂ ಚೀಲದ ಮೈಗೆ ಕ್ರೋಮ್ ಹದವೂ ಒಪ್ಪುತ್ತವೆ. ಚೀಲದ ಮೈಗೆ 1.2ರಿಂದ 1.6 ಮಿಲಿಮೀಟರ್ ದಪ್ಪ ಸಾಕು. ಆಡಿನ ಚರ್ಮ ಒಂದಕ್ಕೆ ಸುಮಾರು 4ರಿಂದ 6 ಚದರ ಅಡಿ ಮಾತ್ರ ಇರುವುದರಿಂದ ದೊಡ್ಡ ಚೀಲಕ್ಕೆ ಜೋಡಣೆ ಅನಿವಾರ್ಯವಾಗುತ್ತದೆ. ಚೆನ್ನೈನ ಪೆರಿಯಮೇಟ್ ಹಾಗೂ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳು ಚರ್ಮದ ದೊಡ್ಡ ನೆಲೆಗಳು. ಮೊದಲ ಖರೀದಿಯನ್ನು ಖುದ್ದಾಗಿ ಹೋಗಿ, ಚರ್ಮವನ್ನು ಹರಡಿಸಿ, ಬೆಳಕಿಗೆ ಹಿಡಿದು ನೋಡಿ ಮಾಡಬೇಕು. ಬಸ್ಸಿನ ಖರ್ಚನ್ನು ಅದೊಂದೇ ನೋಟ ಉಳಿಸಿಕೊಡುತ್ತದೆ.

ಹೆಗ್ಗಡದೇವನಕೋಟೆ ಕಡೆಯ ಮಳೆಗಾಲ ಚರ್ಮಕ್ಕೆ ಶತ್ರು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಮೇಲೆ, ಗಾಳಿಯಾಡುವ ಕಡೆ ಸುರುಳಿ ಮಾಡಿಡಬೇಕು. ಮಡಚಿದರೆ ಗೆರೆ ಬೀಳುತ್ತದೆ. ಜೂನ್‌ಗೆ ಮೊದಲು ಹೆಚ್ಚಿನ ಮಾಲನ್ನು ತುಂಬಿಕೊಳ್ಳದಿರುವುದು ಅತ್ಯಂತ ಸುಲಭದ ಉಪಾಯ.

ಮಾರಾಟದ ದೃಷ್ಟಿಯಿಂದ ಈ ಭಾಗಕ್ಕೆ ಒಂದು ಅನುಕೂಲವಿದೆ. ಕಬಿನಿ ಹಿನ್ನೀರಿನ ಸುತ್ತ, ಕಾರಾಪುರದ ಕಡೆಯ ವಸತಿಧಾಮಗಳಿಗೆ ವನ್ಯಜೀವಿ ವೀಕ್ಷಣೆಗೆಂದು ಪ್ರವಾಸಿಗರು ಬರುತ್ತಾರೆ. ದುರ್ಬೀನಿನ ಪಟ್ಟಿ, ಕ್ಯಾಮೆರಾ ಚೀಲ, ದಿನಚರಿ ಪುಸ್ತಕದ ಹೊದಿಕೆಯಂತಹ ಚಿಕ್ಕ ಸರಕುಗಳು ಚೀಲ ಕತ್ತರಿಸಿ ಉಳಿದ ತುಂಡುಗಳಲ್ಲಿಯೇ ಆಗುತ್ತವೆ. ಮೇಲಿನ ಲೆಕ್ಕದಲ್ಲಿ ವ್ಯರ್ಥವೆಂದು ಬರೆದ 2 ಚದರ ಅಡಿಯಲ್ಲಿ ದೋಷವಿಲ್ಲದಷ್ಟು ಭಾಗ ಹೀಗೆ ಹಣವಾಗಬಲ್ಲದು.

ಕಾಗದಪತ್ರ

ತೆರಿಗೆಯ ವಿಷಯದಲ್ಲಿ ಯಂತ್ರದ ಪ್ರಶ್ನೆ ಮತ್ತೊಮ್ಮೆ ಎದುರಾಗುತ್ತದೆ. ರಾಜ್ಯದೊಳಗೆ ಸರಕನ್ನು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂ. ದಾಟುವವರೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕೆಂಬುದು ನಿಯಮ. ಆದರೆ ಕರಕುಶಲ ವಸ್ತುಗಳಿಗೆ ಇದರಿಂದ ವಿನಾಯಿತಿಯಿದ್ದು, 2018ರ ಅಧಿಸೂಚನೆಯ ಪಟ್ಟಿಯಲ್ಲಿ ಚರ್ಮದ ಚೀಲ, ಪರ್ಸುಗಳೂ ಸೇರಿವೆ. ಮುಖ್ಯವಾಗಿ ಕೈಯಿಂದ ತಯಾರಾಗಿರಬೇಕು, ಕೆಲವು ಹಂತಗಳಲ್ಲಿ ಯಂತ್ರ ಬಳಸಿದ್ದರೂ ಅಡ್ಡಿಯಿಲ್ಲ ಎಂಬುದು ಅದರ ವಿವರಣೆ. 7 ಗಂಟೆಯಲ್ಲಿ ಐದೂವರೆ ಗಂಟೆ ಕೈಕೆಲಸವಿರುವ ಚೀಲವು ಈ ವ್ಯಾಖ್ಯೆಗೆ ಹೊಂದುತ್ತದೆಂದು ವಾದಿಸಬಹುದು. ಪ್ಯಾನ್ ಹಾಗೂ ಇ-ವೇ ಬಿಲ್‌ನ ಷರತ್ತುಗಳಿರುವುದರಿಂದ ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯುವುದು ಕ್ಷೇಮ. ಉದ್ಯಮವಾಗಿ ನಡೆಸಬಯಸುವವರು ಉದ್ಯಮ್ ನೋಂದಣಿಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ಅದಕ್ಕೆಂದು ಹಣ ಕೇಳುವ ಮಧ್ಯವರ್ತಿಗಳಿಗೆ ಏನನ್ನೂ ಕೊಡಬೇಕಾಗಿಲ್ಲ.

ಚರ್ಮದ ಮೂಲಕ್ಕೆ ಸಂಬಂಧಿಸಿದ ಬಿಲ್ಲು ಇದಕ್ಕಿಂತ ಮುಖ್ಯ. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, 2020 ಜಾರಿಯಾದ ನಂತರ, ಕೊಂಡ ಪ್ರತಿಯೊಂದು ಚರ್ಮಕ್ಕೂ ಹದಗಾರಿಕೆ ಘಟಕದ ಅಥವಾ ನೋಂದಾಯಿತ ವರ್ತಕರ ಬಿಲ್ಲನ್ನು ಪಡೆದು ಜೋಪಾನವಾಗಿಡುವುದು ವಿವೇಕ. ಊರಿನಲ್ಲಿ ಯಾರೋ ಕಡಿಮೆ ಬೆಲೆಗೆ ತಂದುಕೊಟ್ಟ ಹಸಿ ತೊಗಲನ್ನು ಕೊಳ್ಳಬಾರದು. ಬಂಡೀಪುರದ ಅಂಚಿನ ಎನ್. ಬೇಗೂರಿನಂತಹ ಊರುಗಳಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಜಿಂಕೆ, ಉಡ, ಹೆಬ್ಬಾವು ಮೊದಲಾದ ಕಾಡುಜೀವಿಗಳ ಚರ್ಮವನ್ನು, ಅದು ತಾನಾಗಿ ಸತ್ತ ಪ್ರಾಣಿಯದಾದರೂ, ಇಟ್ಟುಕೊಳ್ಳುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಹಾವಿನ ಚರ್ಮದ ವಿನ್ಯಾಸ ಬೇಕೆಂಬ ಗಿರಾಕಿಗೆ ದನದ ಅಥವಾ ಆಡಿನ ಚರ್ಮದ ಮೇಲೆ ಅಚ್ಚೊತ್ತಿದ ಮಾಲು ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದನ್ನು ಬಳಸಿದಾಗ ಬಿಲ್ಲಿನಲ್ಲಿಯೂ ಚೀಟಿಯಲ್ಲಿಯೂ 'ಅಚ್ಚೊತ್ತಿದ ಆಡಿನ ಚರ್ಮ' ಎಂದೇ ಸ್ಪಷ್ಟವಾಗಿ ನಮೂದಿಸತಕ್ಕದ್ದು.